ವೇಷ ಮತ್ತು ಸ್ವರ: ರಂಗಗಾಯಕರ ಮುಪ್ಪನ್ನು ಕುರಿತು

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ನಾನಾ ಕಾಯಕದವರು ನೆರೆದಿದ್ದರೆಂಬುದು ಸರ್ವವಿದಿತವಾದ ಸಂಗತಿ. ದೋಣಿ ನಡೆಸುವವನು, ಹಗ್ಗ ಹೊಸೆಯುವವನು, ಬಟ್ಟೆ ಮಡಿಮಾಡುವವನು, ಚೆಲ್ಲಿದ ಅಕ್ಕಿಯನ್ನು ಆಯುವವನು, ಇವರೆಲ್ಲರ ಮಾತು ಕಾಯಕತತ್ತ್ವದ ಪ್ರಸಂಗ ಬಂದಾಗಲೆಲ್ಲ ಬಂದೇ ಬರುತ್ತದೆ. ಆದರೆ ವೇಷ ಕಟ್ಟಿ ಆಡುವುದನ್ನೇ ಕಾಯಕವಾಗಿ ಕೈಕೊಂಡಿದ್ದ ಬಹುರೂಪಿ ಚೌಡಯ್ಯನ ಮಾತು ಅಷ್ಟಾಗಿ ಬರುವುದಿಲ್ಲ. ರೇಕಣ್ಣಪ್ರಿಯ ನಾಗಿನಾಥನ ಅಂಕಿತದಲ್ಲಿ ವಚನಗಳನ್ನು ನುಡಿದ ಈ ಶರಣನಿಗೆ ಬಹುರೂಪವೆಂಬುದು ಹೊಟ್ಟೆಯ ಪಾಡಷ್ಟೇ ಆಗಿರದೆ ಅನುಭಾವದ ಪರಿಭಾಷೆಯೂ ಆಗಿತ್ತು. ವೇಷಗಾರನ ಕಾಯಕಕ್ಕೆ ಇತರ ಕಾಯಕಗಳಿಗಿಲ್ಲದ ಒಂದು ತೊಡಕುಂಟು. ಅಂಬಿಗನಿಗೆ ಮುಪ್ಪು ಬಂದು ತೋಳು ಸೋತರೆ ಅವನ ದೋಣಿಯನ್ನು ಮತ್ತೊಬ್ಬನು ನಡೆಸಬಲ್ಲನು. ವೇಷಗಾರನಿಗಾದರೋ ಅವನ ದೇಹವೇ ದೋಣಿ. ಅದು ಜೀರ್ಣವಾಗುವುದನ್ನು ಊರವರೆಲ್ಲರೂ ದೀಪದ ಬೆಳಕಿನಲ್ಲಿ ಕುಳಿತು ನೋಡುತ್ತಾರೆ.

ಈ ತೊಡಕು ಸಂಗೀತ ನಾಟಕದ ನಟರ ಬಾಳಿನಲ್ಲಿ ಎಷ್ಟು ತೀಕ್ಷ್ಣವಾಗಿ ಕಾಣಿಸಿಕೊಂಡಿತೆಂಬುದಕ್ಕೆ ಮರಾಠಿ ರಂಗಭೂಮಿಯ ಬಾಲಗಂಧರ್ವರ ಉತ್ತರಾರ್ಧದಷ್ಟು ಸ್ಪಷ್ಟವಾದ ನಿದರ್ಶನ ಮತ್ತೊಂದಿಲ್ಲ. ಅವರ ಹೆಸರನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ಪರಕೀಯತೆಯ ಸಂಕೋಚ ಬೇಕಾಗಿಲ್ಲ. ಮರಾಠಿ ಸಂಗೀತ ನಾಟಕದ ಆದ್ಯರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಜನಿಸಿದ್ದು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಅವರು 1880ರಲ್ಲಿ ಪುಣೆಯಲ್ಲಿ ಆಡಿಸಿದ 'ಶಾಕುಂತಲ'ದಿಂದ ಆ ಪರಂಪರೆ ಬೇರೂರಿತು. ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಲ್ಲಿ ಮರಾಠಿ ಕಂಪನಿಗಳು ತಿಂಗಳುಗಟ್ಟಲೆ ಬಿಡಾರ ಹೂಡುತ್ತಿದ್ದ ಕಾಲವದು. ಅದನ್ನು ಕಂಡು ಕೆರಳಿದ ಅಭಿಮಾನದಿಂದಲೇ ಶಾಂತಕವಿಗಳು ಕನ್ನಡ ನಾಟಕಗಳನ್ನು ಬರೆದು ಆಡಿಸಿದರೆಂಬುದು ನಮ್ಮ ರಂಗಚರಿತ್ರೆಯ ಮೊದಲ ಪಾಠ. ಹೀಗೆ ಒಂದು ಕಡೆ ಸ್ಪರ್ಧೆ, ಇನ್ನೊಂದು ಕಡೆ ಅನುಕರಣೆ; ಎರಡರ ನಡುವೆ ಉತ್ತರ ಕರ್ನಾಟಕದ ಕಿವಿ ಆ ನಾಟ್ಯಸಂಗೀತಕ್ಕೆ ಒಗ್ಗಿಹೋಗಿತ್ತು.

ನಾರಾಯಣ ಶ್ರೀಪಾದ ರಾಜಹಂಸರು ಹುಟ್ಟಿದ್ದು 1888ರ ಜೂನ್ 26ರಂದು. ಬಾಲಕನ ಗಾಯನವನ್ನು ಕೇಳಿದ ಲೋಕಮಾನ್ಯ ತಿಲಕರು 'ಬಾಲಗಂಧರ್ವ'ನೆಂದು ಕರೆದರೆಂದೂ ಅದೇ ಹೆಸರು ಉಳಿಯಿತೆಂದೂ ಪ್ರತೀತಿ. 1905ರಲ್ಲಿ ಕಿರ್ಲೋಸ್ಕರ ಮಂಡಳಿಯನ್ನು ಸೇರಿ ಶಕುಂತಲೆಯ ಪಾತ್ರದಿಂದ ರಂಗವೇರಿದರು. ಭಾಸ್ಕರಬುವಾ ಬಖಲೆಯವರಂತಹ ಗುರು ದೊರೆತರು. ಖಾಡಿಲ್ಕರ, ದೇವಲ, ಗಡಕರಿಯವರಂತಹ ನಾಟಕಕಾರರು ದೊರೆತರು. 1911ರ 'ಮಾನಾಪಮಾನ'ದ ಭಾಮಿನಿ, 1916ರ 'ಸ್ವಯಂವರ'ದ ರುಕ್ಮಿಣಿ, 1919ರ 'ಏಕಚ ಪ್ಯಾಲಾ'ದ ಸಿಂಧು, ಈ ಮೂರು ಸ್ತ್ರೀಪಾತ್ರಗಳು ಅವರನ್ನು ಮನೆಮನೆಯ ಮಾತಾಗಿಸಿದವು. ಅವರು ಉಟ್ಟ ಸೀರೆಯ ಬಗೆ, ಮುಡಿದ ಹೂವಿನ ಬಗೆಗಳನ್ನು ಕುಲೀನ ಸ್ತ್ರೀಯರು ಅನುಸರಿಸಿದರು. ಗಂಡಸೊಬ್ಬನು ಹೆಂಗಸರಿಗೆ ಹೆಣ್ತನದ ಮಾದರಿಯಾದ ಈ ವಿಚಿತ್ರವನ್ನು ಇಂದಿನವರು ನಂಬಲಾರರು.

'ಮಾನಾಪಮಾನ'ದ ಪ್ರಥಮ ಪ್ರಯೋಗ ಮುಂಬಯಿಯಲ್ಲಿ 1911ರ ಮಾರ್ಚ್ 12ರಂದು ನಡೆಯಿತು. ಅದೇ ದಿನ ಬಾಲಗಂಧರ್ವರ ಮಗಳು ತೀರಿಕೊಂಡಳು. ನಾಟಕ ನಿಲ್ಲಲಿಲ್ಲ, ಅವರು ಬಣ್ಣ ಹಚ್ಚಿಕೊಂಡು ಭಾಮಿನಿಯಾಗಿ ಹಾಡಿದರು. ಇದನ್ನು ಕೆಲವರು ಕಲೋಪಾಸನೆಯೆಂದು ಕೊಂಡಾಡಿದ್ದಾರೆ, ಕೆಲವರು ಕಠೋರತೆಯೆಂದು ಹಳಿದಿದ್ದಾರೆ. ನುಲಿಯ ಚಂದಯ್ಯನ ಕಥೆಯನ್ನು ಬಲ್ಲವರು ಎರಡನ್ನೂ ಅವಸರದಿಂದ ಒಪ್ಪಲಾರರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಕೆಳಗೆ ಬಿದ್ದರೂ ಕಾಯಕವನ್ನು ಬಿಡದೆ ಹೋದ ಚಂದಯ್ಯನ ನಿಷ್ಠೆ ಲಿಂಗದ ಅನಾದರವಲ್ಲವೆಂದು ಶರಣರು ತಿಳಿದರು. ನಟನ ಆ ದಿನದ ಹಾಡು ಮಗಳ ಅನಾದರವೇ ಆಗಬೇಕಾಗಿಲ್ಲ. ಮುಂದೆ ಮುಪ್ಪಿನಲ್ಲಿ ಅವರು ರಂಗವನ್ನು ಬಿಡಲಾರದೆ ಹೋದುದರ ಬೀಜವನ್ನು ಈ ದಿನದಲ್ಲಿಯೇ ಕಾಣಬಹುದು.

1913ರಲ್ಲಿ ಗಣಪತರಾವ ಬೋಡಸ, ಗೋವಿಂದರಾವ ಟೇಂಬೆಯವರೊಡನೆ ಗಂಧರ್ವ ನಾಟಕ ಮಂಡಳಿ ಸ್ಥಾಪಿತವಾಯಿತು. ಅದರ ವೈಭವದ ವರ್ಣನೆಗೆ ಇಲ್ಲಿ ಅವಕಾಶವಿಲ್ಲ. ಹಣವನ್ನು ನೀರಿನಂತೆ ಚೆಲ್ಲಿ ಅಪ್ಪಟ ಜರಿಯ ಸೀರೆ, ಅತ್ತರು, ಪರದೆ, ರಂಗಸಜ್ಜಿಕೆಗಳನ್ನು ಕೂಡಿಸಿದರು. ಅಹಮದ್‌ಜಾನ್ ತಿರಕವಾರಂತಹ ತಬಲಾ ವಾದಕರನ್ನು ಕಂಪನಿಯಲ್ಲಿ ಇರಿಸಿಕೊಂಡರು. ಸಾಲ ಬೆಳೆಯಿತು. 'ಮಾಯಬಾಪ' ಎಂದು ಅವರು ಕೈಮುಗಿಯುತ್ತಿದ್ದ ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗಿದಷ್ಟು ಸಲ ಅದೇ ಪದವನ್ನು ಹೊಸ ಹೊಸ ಸ್ವರಸಂಚಾರಗಳಿಂದ ಹಾಡಿ ಬೆಳಗು ಹರಿಸುವುದು ರೂಢಿಯಾಯಿತು. ನಾಟಕ ನಿಂತು ಕಚೇರಿ ನಡೆಯುವ ಈ ರೂಢಿಯನ್ನು ವಿಮರ್ಶಕರು ದೂಷಿಸಿದ್ದುಂಟು. ದೂಷಣೆ ಯುಕ್ತವೇ. ಆದರೆ ಇದರೊಳಗೆ ಒಂದು ಸತ್ಯ ಅಡಗಿತ್ತು: ಜನ ಬಂದದ್ದು ರುಕ್ಮಿಣಿಯ ಕಥೆಗಾಗಿ ಅಲ್ಲ, ಸ್ವರಕ್ಕಾಗಿ. ವೇಷ ಆ ಸ್ವರಕ್ಕೆ ತೊಡಿಸಿದ ಸೀರೆ.

ಕಾಲ ಮಗ್ಗುಲು ಬದಲಿಸಿತು. 1931ರಿಂದ ಮಾತನಾಡುವ ಚಿತ್ರಗಳು ಬಂದವು. 1933ರಲ್ಲಿ ನಾಟ್ಯಮನ್ವಂತರವೆಂಬ ಸಂಸ್ಥೆ 'ಆಂಧಳ್ಯಾಂಚಿ ಶಾಳಾ' ಎಂಬ ನಾಟಕದಲ್ಲಿ ಸ್ತ್ರೀಯರಿಂದಲೇ ಸ್ತ್ರೀಪಾತ್ರಗಳನ್ನು ಮಾಡಿಸಿ, ಹಾಡುಗಳನ್ನು ಮಿತಗೊಳಿಸಿ, ಹೊಸ ಅಭಿರುಚಿಗೆ ದಾರಿ ತೆರೆಯಿತು. ನಲವತ್ತೈದು ದಾಟಿದ ಪುರುಷ ನಾಯಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಕಿರಲಿಲ್ಲ. 1935ರಲ್ಲಿ ಪ್ರಭಾತ ಕಂಪನಿಯ 'ಧರ್ಮಾತ್ಮಾ' ಚಿತ್ರದಲ್ಲಿ ಬಾಲಗಂಧರ್ವರು ಸಂತ ಏಕನಾಥರ ಪಾತ್ರವನ್ನು ವಹಿಸಿದರು. ಬೆಳ್ಳಿತೆರೆಯ ಸಂಬಂಧ ಬಹುಕಾಲ ನಿಲ್ಲಲಿಲ್ಲ. ಎದುರಿಗೆ ಮಾಯಬಾಪರಿಲ್ಲದೆ, ಯಂತ್ರದ ಮುಂದೆ ತುಂಡು ತುಂಡಾಗಿ ಹಾಡುವುದು ಅವರ ಸ್ವಭಾವಕ್ಕೆ ಹಿಡಿಸುವ ಕೆಲಸವಾಗಿರಲಿಲ್ಲ. ಅವರು ಮತ್ತೆ ಹಲಗೆಯ ರಂಗಕ್ಕೇ ಮರಳಿದರು.

ಇಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳು ಈ ಲೇಖನದ ನಿಜವಾದ ವಸ್ತು. 1940ರ ಮತ್ತು 1950ರ ದಶಕಗಳಲ್ಲಿ ಬಾಲಗಂಧರ್ವರನ್ನು ನೋಡಲು ಹೋದವರಲ್ಲಿ ಎರಡು ತಲೆಮಾರಿನವರಿದ್ದರು. ಮೊದಲನೆಯವರು ತಮ್ಮ ಯೌವನದಲ್ಲಿ ಅವರ ರುಕ್ಮಿಣಿಯನ್ನು ಕಂಡವರು. ಎರಡನೆಯವರು ತಂದೆತಾಯಿಗಳ ಬಾಯಿಂದ ಆ ವರ್ಣನೆಯನ್ನು ಕೇಳಿ ಬೆಳೆದವರು. ಇವರ ಮುಂದೆ ಅರವತ್ತು ಮೀರಿದ, ಮೈ ದಪ್ಪವಾದ, ಮುಖದ ಸುಕ್ಕುಗಳು ಬಣ್ಣಕ್ಕೆ ಮಣಿಯದ ಒಬ್ಬ ಪುರುಷನು ಸೀರೆಯುಟ್ಟು ಸಿಂಧುವಾಗಿ ಬಂದು ನಿಲ್ಲುತ್ತಿದ್ದನು. ಕಿರಿಯರ ಮುಖದಲ್ಲಿ ಮೊದಲು ಕಾಣುತ್ತಿದ್ದುದು ಅಚ್ಚರಿಗಿಂತ ಹೆಚ್ಚಾಗಿ ಮುಜುಗರ. ಹಿರಿಯರಾದರೋ ಕಣ್ಣನ್ನು ಅರ್ಧ ಮುಚ್ಚಿ ಕುಳಿತಿರುತ್ತಿದ್ದರು. ಅವರು ಕಾಣುತ್ತಿದ್ದ ಸಿಂಧು ಮೂವತ್ತು ವರ್ಷಗಳ ಹಿಂದಿನವಳು. ಆರ್ಗನ್ನಿನ ಸ್ವರ ಎದ್ದು, ಸಾರಂಗಿ ಹಿಂಬಾಲಿಸಿ, ಆ ಕಂಠ ಮೊದಲ ಆಲಾಪವನ್ನು ಎತ್ತಿದ ಮೇಲೆ ಎರಡು ತಲೆಮಾರುಗಳ ಅಂತರ ಕಡಿಮೆಯಾಗುತ್ತಿತ್ತು. ಉಸಿರು ಮೊದಲಿನಷ್ಟು ಉದ್ದ ನಿಲ್ಲದಿದ್ದರೂ ಶಬ್ದವನ್ನು ಸ್ವರದ ಮೇಲೆ ಇಡುವ ಆ ಮಾರ್ದವ ಕೊನೆಯವರೆಗೂ ಅವರನ್ನು ಬಿಟ್ಟುಹೋಗಲಿಲ್ಲ.

ಅವರು ಸಕಾಲದಲ್ಲಿ ನಿವೃತ್ತರಾಗಬೇಕಾಗಿತ್ತೆಂಬ ವಾದ ಅಂದಿನಿಂದ ಇಂದಿನವರೆಗೂ ಇದೆ. ಸಾಲದ ಹೊರೆಯೇ ಅವರನ್ನು ರಂಗಕ್ಕೆ ಎಳೆಯುತ್ತಿತ್ತೆಂದು ಸಮಾಧಾನ ಹೇಳುವವರೂ ಇದ್ದಾರೆ. ಎರಡೂ ಪೂರ್ಣ ಸತ್ಯಗಳಲ್ಲ. 'ಮಾನಾಪಮಾನ'ವನ್ನು 1921ರ ಜುಲೈ 8ರಂದು ತಿಲಕ ಸ್ವರಾಜ್ಯ ನಿಧಿಗಾಗಿ ಬಾಲಗಂಧರ್ವರೊಡನೆ ಸಂಯುಕ್ತವಾಗಿ ಆಡಿದ ಕೇಶವರಾವ ಭೋಸಲೆಯವರು ಮೂರೇ ತಿಂಗಳಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ತೀರಿಕೊಂಡರು. ಜನರ ನೆನಪಿನಲ್ಲಿ ಭೋಸಲೆಯವರಿಗೆ ಮುಪ್ಪಿಲ್ಲ. ದೀನಾನಾಥ ಮಂಗೇಶಕರರೂ 1942ರಲ್ಲಿ ನಲವತ್ತೊಂದರ ಪ್ರಾಯದಲ್ಲಿ ಹೋದರು, ಅವರಿಗೂ ಇಲ್ಲ. ಬಾಲಗಂಧರ್ವರು ಬದುಕಿದರು, ಬದುಕಿದುದೇ ಅವರ ಅಪರಾಧವೆಂಬಂತೆ ಮಾತನಾಡುವುದು ನ್ಯಾಯವಲ್ಲ.

ಇನ್ನೊಂದು ಅನ್ಯಾಯವನ್ನೂ ಇಲ್ಲಿಯೇ ಹೇಳಿಬಿಡಬೇಕು. 1930ರ ದಶಕದ ಉತ್ತರಾರ್ಧದಲ್ಲಿ ಅವರ ಕಂಪನಿಯನ್ನು ಸೇರಿದ ಗೋಹರಬಾಯಿ ಕರ್ನಾಟಕಿಯವರು ಕನ್ನಡ ನಾಡಿನವರು. ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯ ಕಲಾವಿದ ಮನೆತನದವರು. ಚಿತ್ರಸಂಗೀತದಲ್ಲಿ ಕೀರ್ತಿವಂತರಾದ ಅಮೀರಬಾಯಿ ಕರ್ನಾಟಕಿಯವರು ಇವರ ಸಹೋದರಿ. ಬಾಲಗಂಧರ್ವರ ಗಾಯಕಿಯನ್ನು ಗೋಹರಬಾಯಿಯವರಷ್ಟು ನಿಕಟವಾಗಿ ಕಂಠಗತ ಮಾಡಿಕೊಂಡವರು ವಿರಳ. ಅವರು ಸ್ತ್ರೀಪಾತ್ರಗಳನ್ನು ವಹಿಸಿದಾಗ ಬಾಲಗಂಧರ್ವರು ಪುರುಷಪಾತ್ರಗಳಿಗೆ ತಿರುಗಿದುದೂ ಉಂಟು. ಈ ವ್ಯವಸ್ಥೆಯಲ್ಲಿ ಒಂದು ವಿವೇಕವಿತ್ತು. ಆದರೆ ಅಭಿಮಾನಿಗಳಿಗೆ ತಮ್ಮ ನಾಯಿಕೆ ಪುರುಷವೇಷದಲ್ಲಿ ಬೇಡವಾಗಿತ್ತು. ಗಂಧರ್ವರ ಅವನತಿಗೆ ಈ ಹೆಣ್ಣೇ ಕಾರಣಳೆಂದು ಆಡಿಕೊಂಡರು. ಜಾತಿ ಮತಗಳ ಮಾತೂ ಅದಕ್ಕೆ ಕೂಡಿತು. 1951ರಲ್ಲಿ ಅವರಿಬ್ಬರೂ ವಿವಾಹವಾದರು. ಬಳಿಕ ಬಾಲಗಂಧರ್ವರ ಕಾಲುಗಳ ಶಕ್ತಿ ಕುಂದಿ ನಿಲ್ಲಲಾಗದ ಸ್ಥಿತಿ ಬಂದಾಗ ಜೊತೆಗಿದ್ದು ಶುಶ್ರೂಷೆ ಮಾಡಿದವರು ಗೋಹರಬಾಯಿಯವರೇ. ಅವರು 1964ರಲ್ಲಿ ಪತಿಗಿಂತ ಮೊದಲೇ ತೀರಿಕೊಂಡರು. ಆ ಕಂಪನಿಯ ಚರಿತ್ರೆಯಲ್ಲಿ ಬೀಳಗಿಯ ಈ ಹೆಣ್ಣುಮಗಳಿಗೆ ಸಲ್ಲಬೇಕಾದ ಗೌರವ ಬಹುಕಾಲ ಸಲ್ಲಲಿಲ್ಲ.

ಕಾಲು ಸೋತ ಮೇಲೆ ವೇಷ ತಾನಾಗಿಯೇ ಕಳಚಿತು. ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ 1955ರಲ್ಲಿ ಬಂದಿತು, ಪದ್ಮಭೂಷಣ 1964ರಲ್ಲಿ. ಆದರೆ ಆ ಕಡೆಯ ವರ್ಷಗಳಲ್ಲಿ ಅವರ ಬಳಿಗೆ ಬಂದವರು ಕಂಡದ್ದು ಪದಕಗಳನ್ನಲ್ಲ. ಟೊಪ್ಪಿಗೆ, ಉದ್ದನೆಯ ಅಂಗಿ ತೊಟ್ಟು ಕುಳಿತು ಭಜನೆ ಹಾಡುವ ಒಬ್ಬ ವೃದ್ಧನನ್ನು. ನಾಟ್ಯಪದಗಳಿಗಿಂತ ಸಂತರ ಅಭಂಗಗಳೇ ಅವರಿಗೆ ಈಗ ಹತ್ತಿರವಾಗಿದ್ದವು. ಇದು ಹೊಸ ತಿರುವೇನೂ ಅಲ್ಲ. 1931ರಲ್ಲಿಯೇ ಅವರು 'ಕಾನ್ಹೋಪಾತ್ರಾ' ನಾಟಕದಲ್ಲಿ ಆ ಸಂತಳ ಪಾತ್ರವನ್ನು ಮಾಡಿದ್ದರು. ಕಾನ್ಹೋಪಾತ್ರೆ ಮಂಗಳವೇಢೆಯ ಗಣಿಕೆಯ ಮಗಳು. ಬಿದರೆಯ ಅರಸನ ಕರೆಗೆ ಒಪ್ಪದೆ ಪಂಢರಪುರದ ವಿಠ್ಠಲನ ಸನ್ನಿಧಿಯಲ್ಲಿ ದೇಹವಿಟ್ಟಳೆಂದು ಸಂತಚರಿತ್ರೆ ಹೇಳುತ್ತದೆ. ಮಂಗಳವೇಢೆಯೆಂದರೆ ಶರಣಸಾಹಿತ್ಯದ ಓದುಗರಿಗೆ ಪರಿಚಿತವಾದ ಮಂಗಳವಾಡವೇ. ಬಸವಣ್ಣನವರು ಕಲ್ಯಾಣಕ್ಕೆ ಬರುವ ಮುನ್ನ ಬಿಜ್ಜಳನಲ್ಲಿ ಕರಣಿಕರಾಗಿದ್ದ ಊರು. ಸೂಳೆ ಸಂಕವ್ವೆಯನ್ನು ತಮ್ಮವಳೆಂದು ಎಣಿಸಿದ ಶರಣಪರಂಪರೆಗೆ ಕಾನ್ಹೋಪಾತ್ರೆಯ ಕಥೆ ಅಪರಿಚಿತವೆನಿಸದು. ಪಾತ್ರವಾಗಿ ಹಾಡಿದ ಭಜನೆಯನ್ನು ನಟನು ಮೂವತ್ತು ವರ್ಷಗಳ ಮೇಲೆ ಪಾತ್ರವಿಲ್ಲದೆ ಹಾಡಿದನು. ಆಗ ಕೇಳಿದವರಿಗೆ ಮುಜುಗರವೆನಿಸಲಿಲ್ಲ ಎಂಬುದು ಗಮನಾರ್ಹ. ಕಂಠ ಮೊದಲಿಗಿಂತ ದುರ್ಬಲವಾಗಿತ್ತು, ದೇಹ ಇನ್ನೂ ದುರ್ಬಲವಾಗಿತ್ತು. ಆದರೂ ನೋಡುವವನ ಸಂಕಟ ಇಲ್ಲವಾಗಿತ್ತು.

ಈ ವ್ಯತ್ಯಾಸಕ್ಕೆ ಕಾರಣವನ್ನು ನಮ್ಮವರೇ ಆದ ಇನ್ನೊಬ್ಬ ಗಾಯಕರ ಜೀವನದಿಂದ ತಿಳಿಯಬಹುದು. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ವಾಮನರಾವ ಮಾಸ್ತರರ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಅಲ್ಲಿ ಅವರ ಹಾಡನ್ನು ಕೇಳಿಯೇ ನೀಲಕಂಠಬುವಾ ಆಲೂರಮಠರು ಶಿಷ್ಯನನ್ನಾಗಿ ಸ್ವೀಕರಿಸಿದರು. ಬಸವರಾಜ ರಾಜಗುರುಗಳೂ ಅದೇ ಕಂಪನಿಯಲ್ಲಿ ಹಾಡಿ ಬೆಳೆದವರು. ಇಬ್ಬರೂ ವೇಷವನ್ನು ಬಿಟ್ಟು ಕಚೇರಿಯ ಗಾಯನಕ್ಕೆ ಹೋದರು. ಮನಸೂರರು 1992ರಲ್ಲಿ ಲಿಂಗೈಕ್ಯರಾಗುವವರೆಗೂ, ಎಂಬತ್ತು ದಾಟಿದ ಮೇಲೂ ಹಾಡಿದರು. ಅವರು ನಿವೃತ್ತರಾಗಬೇಕಾಗಿತ್ತೆಂದು ಯಾರೂ ಹೇಳಲಿಲ್ಲ. ವಯಸ್ಸಾದಷ್ಟೂ ಅವರ ವಚನಗಾಯನದಲ್ಲಿ ಕಾಂತಿ ಹೆಚ್ಚಿತೆಂದೇ ರಸಿಕರು ಹೇಳಿದರು. ಕಚೇರಿಯ ಗಾಯಕನಿಗೆ ಮುಪ್ಪು ಭೂಷಣ. ರಂಗಗಾಯಕನಿಗೆ ಮಾತ್ರ ಅದು ದೂಷಣ. ಕಂಠ ಎರಡೂ ಕಡೆ ಒಂದೇ. ಭೇದವಿರುವುದು ವೇಷದಲ್ಲಿ. ಪ್ರೇಕ್ಷಕನು ರಂಗದ ಮೇಲೆ ಕಂಡು ಮರುಗುವುದು ನಟನ ಮುಪ್ಪಿಗಲ್ಲ, ನಟನಿಗೂ ಅವನು ತೊಟ್ಟ ಯೌವನಕ್ಕೂ ನಡುವೆ ಬಿದ್ದ ಬಿರುಕಿಗೆ.

ಹಾಗಾದರೆ ವೇಷವನ್ನು ಬಿಡದೆ, ರಂಗವನ್ನೂ ಬಿಡದೆ ಮುಪ್ಪಿಗೆ ಸಲ್ಲುವ ದಾರಿ ಇಲ್ಲವೆ? ಅದಕ್ಕೆ ಕನ್ನಡ ರಂಗಭೂಮಿಯಲ್ಲಿ ಒಂದು ಉತ್ತರವಿದೆ. ಅಣ್ಣಾಸಾಹೇಬರು ಹುಟ್ಟಿದ ಅದೇ ಸವದತ್ತಿ ಸೀಮೆಯ ಏಣಗಿ ಗ್ರಾಮದಲ್ಲಿ 1914ರಲ್ಲಿ ಜನಿಸಿದ ಬಾಳಪ್ಪನವರು ಬಾಲಗಂಧರ್ವರಂತೆಯೇ ಸ್ತ್ರೀಪಾತ್ರಗಳಿಂದ ಹೆಸರಾದವರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅವರ ಸ್ತ್ರೀವೇಷದ ಲಾಲಿತ್ಯಕ್ಕೆ ಮಾರುಹೋದವರು ಅಸಂಖ್ಯ. ಬೆಳಗಾವಿಯ ಕಲಾವೈಭವ ನಾಟ್ಯಸಂಘದ ಒಡೆತನವನ್ನು ಹೊತ್ತು ಸಾಲ, ಮಳೆ, ಬರ, ಚಲನಚಿತ್ರದ ಪೈಪೋಟಿ ಎಲ್ಲವನ್ನೂ ಉಂಡರು. ಕಂಪನಿ ಮಾಲಿಕರ ಬವಣೆ ಎಲ್ಲೆಡೆ ಒಂದೇ, ಅದನ್ನು ಬೆಳೆಸಬೇಕಾಗಿಲ್ಲ. ಗಮನಿಸಬೇಕಾದ ಸಂಗತಿ ಬೇರೆ. ಸ್ತ್ರೀಪಾತ್ರಗಳು ಸ್ತ್ರೀಯರಿಗೆ ಸಲ್ಲುವ ಕಾಲ ಬಂದಾಗ ಬಾಳಪ್ಪನವರು ಅದರೊಡನೆ ಸೆಣಸಲಿಲ್ಲ. ಅವರು ಪುರುಷಪಾತ್ರಗಳಿಗೆ ಬಂದರು. 'ಜಗಜ್ಯೋತಿ ಬಸವೇಶ್ವರ' ನಾಟಕದಲ್ಲಿ ಬಸವಣ್ಣನವರ ಪಾತ್ರವನ್ನು ವಹಿಸಿದರು. ಬಾಲಗಂಧರ್ವರಿಗೆ ಅಭಿಮಾನಿಗಳು ಕೊಡದ ಅನುಮತಿಯನ್ನು ಇವರಿಗೆ ಕನ್ನಡದ ಪ್ರೇಕ್ಷಕರು ಕೊಟ್ಟರು. ಕೊಟ್ಟರೆಂಬುದಕ್ಕಿಂತ, ಆ ಪಾತ್ರವೇ ಅದನ್ನು ಪಡೆದುಕೊಂಡಿತೆನ್ನಬೇಕು. ಊರೂರುಗಳಲ್ಲಿ ಬಂಡಿ ಕಟ್ಟಿಕೊಂಡು ಬಂದ ಭಕ್ತರಿಗೆ ಎದುರಿಗಿದ್ದವನು ನಟನೆಂಬ ಎಚ್ಚರ ಉಳಿಯುತ್ತಿರಲಿಲ್ಲ. ಅವರನ್ನು ಭಕ್ತಿಯಿಂದಲೇ ಕಂಡರು.

ಇದರಲ್ಲಿ ಅಪಾಯವೂ ಇಲ್ಲದಿಲ್ಲ. ನಟನನ್ನೇ ಬಸವಣ್ಣನೆಂದು ಭ್ರಮಿಸುವುದು ಶರಣಧರ್ಮಕ್ಕೆ ಒಪ್ಪತಕ್ಕದ್ದಲ್ಲ. ಬಹುರೂಪಿ ಚೌಡಯ್ಯನಾದರೂ ತನ್ನ ರೂಪಗಳನ್ನು ರೂಪಗಳೆಂದೇ ಬಲ್ಲವನಾಗಿದ್ದನು. ಆದರೆ ಕಿವಿಯ ಮೂಲಕ ವಚನವನ್ನು ಪಡೆದ ಅಕ್ಷರವಿಲ್ಲದ ಸಾವಿರಾರು ಜನರಿಗೆ ಕಂಪನಿ ನಾಟಕದ ಆ ರಂಗ ಮಠದ ಪ್ರವಚನದಷ್ಟೇ ಉಪಕಾರ ಮಾಡಿತೆಂಬುದನ್ನು ಮರೆಯಲಾಗದು. ಗುಬ್ಬಿಯ ಕಂಪನಿ ಚನ್ನಬಸವೇಶ್ವರನ ಹೆಸರನ್ನು ಹೊತ್ತು ನಡೆದದ್ದು, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ತಾವೇ ನಾಟಕಗಳನ್ನು ಬರೆದು ನಾಟಕ ಸಂಘವನ್ನು ನಡೆಸಿದುದು ಆಕಸ್ಮಿಕಗಳಲ್ಲ.

ಬಾಳಪ್ಪನವರ ಮುಪ್ಪು ಬಹು ದೀರ್ಘವಾದುದು. ತೊಂಬತ್ತನ್ನೂ ದಾಟಿ ನೂರನ್ನು ಮುಟ್ಟಿತು. ಕಂಪನಿ ನಿಂತು ಎಷ್ಟೋ ವರ್ಷಗಳಾದ ಮೇಲೂ ಅವರನ್ನು ಸಭೆಗಳಿಗೆ ಕರೆದೊಯ್ಯುತ್ತಿದ್ದರು. ಬಿಳಿಯ ಉಡುಗೆಯಲ್ಲಿ, ಇತರರ ಆಸರೆಯಿಂದ ವೇದಿಕೆಯೇರಿ ಕುಳಿತ ವೃದ್ಧರು ಬಿನ್ನಹ ಬಂದರೆ ಒಂದು ರಂಗಗೀತೆಯನ್ನು ಎತ್ತಿಕೊಳ್ಳುತ್ತಿದ್ದರು. ಅಲ್ಲಿ ಸೀರೆಯಿಲ್ಲ, ಕಿರೀಟವಿಲ್ಲ, ಪರದೆಯಿಲ್ಲ. ಮುಂದೆ ಕುಳಿತವರಲ್ಲಿ ಅವರ ಸ್ತ್ರೀಪಾತ್ರವನ್ನು ಕಂಡವರು ಒಬ್ಬರೋ ಇಬ್ಬರೋ. ಉಳಿದವರು ಅದನ್ನು ಕೇಳಿ ಬಲ್ಲವರು, ಇಲ್ಲವೆ ಏನೂ ಅರಿಯದ ವಿದ್ಯಾರ್ಥಿಗಳು. ಸ್ವರ ನಡುಗುತ್ತಿತ್ತು, ಶ್ರುತಿ ಬಿಡುತ್ತಿರಲಿಲ್ಲ. ತನ್ನ ದೇಹವನ್ನೇ ವೀಣೆಯಾಗಿಸಿ ನುಡಿಸಿಕೊಳ್ಳೆಂದು ಬಸವಣ್ಣನವರು ಕೂಡಲಸಂಗನನ್ನು ಬೇಡಿಕೊಂಡ ವಚನವನ್ನು ಬಲ್ಲವರಿಗೆ ಆ ಹೊತ್ತಿನಲ್ಲಿ ಅದು ನೆನಪಾಗದಿರದು. ಅಲ್ಲಿ ವೀಣೆ ಹೊಸತಾಗಿರಬೇಕೆಂಬ ನಿಬಂಧನೆಯಿಲ್ಲ. ನುಡಿಸುವವನ ಕೈಗೆ ಒಪ್ಪಿಸಿದ್ದರೆ ಸಾಕು.

ಬಾಲಗಂಧರ್ವರು 1967ರ ಜುಲೈ 15ರಂದು ಪುಣೆಯಲ್ಲಿ ಕಾಲವಾದರು. ಮರುವರ್ಷ ಅವರ ಜನ್ಮದಿನದಂದೇ ಅವರ ಹೆಸರಿನ ರಂಗಮಂದಿರ ಅದೇ ನಗರದಲ್ಲಿ ತೆರೆಯಿತು. ಅವರ ತಾರುಣ್ಯದ ಕಂಠ ಧ್ವನಿಮುದ್ರಿಕೆಗಳಲ್ಲಿ ಸಾಕಷ್ಟು ಉಳಿದಿದೆ. ಅರವತ್ತರ ಸಿಂಧು ಮಾತ್ರ ಅವಳನ್ನು ಕಂಡವರೊಡನೆ ಒಬ್ಬೊಬ್ಬರಾಗಿ ಮರೆಯಾಗುತ್ತ ಬಂದಿದ್ದಾಳೆ. ಬಾಳಪ್ಪನವರ ನೆನಪುಗಳು ಗಣೇಶ ಅಮೀನಗಡ ಅವರ ನಿರೂಪಣೆಯಲ್ಲಿ 'ಬಣ್ಣದ ಬದುಕಿನ ಚಿನ್ನದ ದಿನಗಳು' ಎಂಬ ಗ್ರಂಥವಾಗಿ ಬಂದಿವೆ. ರಂಗನಟರೇ ಆಗಿದ್ದ ಮಗ ನಟರಾಜ ಏಣಗಿಯವರು 2012ರಲ್ಲಿ ತಂದೆಯ ಕಣ್ಣೆದುರಿಗೇ ತೀರಿಕೊಂಡರು. ತಂದೆ ಅದಾದ ಮೇಲೂ ಐದು ವರ್ಷಗಳಿಗಿಂತ ಹೆಚ್ಚು ಕಾಲ ಬದುಕಿ, 2017ರ ಆಗಸ್ಟ್ 18ರಂದು ಏಣಗಿಯಲ್ಲಿ ಲಿಂಗೈಕ್ಯರಾದರು.